ಸೌದಿ ಪೆಟ್ಟಿಗೆಯೋ ದುಬೈ ಪೆಟ್ಟಿಗೆಯೋ?

ಹಳೆ ಜಪಾನೀ ಆಂಪ್ಲಿಫೈಯರ್ ಹುಡುಕಿಕೊಂಡು ನಮ್ಮ ಕಾಸರಗೋಡಿನವರು ಬೆಂಗಳೂರಿಗೆ ಹೋಗಬೇಕಾಗಿಲ್ಲ. ಎಂಬತ್ತರ ದಶಕದಲ್ಲಿ ಗಲ್ಫಿನಿಂದ ಹೊತ್ತು ತಂದ ಸಾನ್ಸುಯಿ, ಪಯೋನಿಯರ್, ಅಕಾಯ್‌ಗಳು ಇಲ್ಲಿನ ಅಟ್ಟಗಳಲ್ಲಿ ಇನ್ನೂ ಉಂಟು. ತರುವಾಗ ಮುಂದಿನ ಫಳಫಳ ಬಿಟ್ಟು ಹಿಂದಿನ ವೋಲ್ಟೇಜ್ ಬರಹ ಓದಬೇಕು, ಅಷ್ಟೆ. ದುಬೈಯದ್ದು 220, ನಮಗೆ ಸರಿಹೋಗುತ್ತದೆ. ಸೌದಿ ಮನೆಗಳಲ್ಲಿ ಆಗ 127. ಜಪಾನಿನ ಮನೆಬಳಕೆಯದ್ದಾದರೆ 100. ನನ್ನ ಸೋದರಮಾವ ಸೌದಿಯಿಂದ ತಂದ ಸೆಟ್ಟಿನ ಹಿಂದಿನ ಸ್ವಿಚ್ಚು ತಿರುಗಿಸದೆ ನೇರ ಪ್ಲಗ್ಗಿಗೆ ಸಿಕ್ಕಿಸಿ, ನೆಂಟರ ಎದುರೇ ಹೊಗೆ ಬರಿಸಿದ್ದರು. ಅಜ್ಜಿ ಒಳಗಿನಿಂದ ಕೇಳಿದರಂತೆ, "ಧೂಪ ಹಾಕಿದ್ದು ಯಾರು?"

ಪತ್ತನಾಜೆ (ಮೇಳಗಳ ತಿರುಗಾಟ ಮುಗಿಯುವ ದಿನ) ಕಳೆದು ಮೇಳಗಳು ಗೆಜ್ಜೆ ಬಿಚ್ಚಿದರೆ ನನಗೆ ಯಕ್ಷಗಾನದ ಕ್ಯಾಸೆಟ್ಟೇ ಗತಿ. ಹಾಗಾಗಿ ಈ ಸಲ ಉಪ್ಪಳದ ಒಂದು ಮನೆಗೆ ಹೊರಟೆ. ಚೀಲದಲ್ಲಿ ಮಲ್ಟಿಮೀಟರು, 60 ವಾಟಿನ ಹಳೆ ಬಲ್ಬು, ಹೋಲ್ಡರು.

ಮೇಜಿನ ಮೇಲೆ ಬೆಳ್ಳಿ ಬಣ್ಣದ್ದು, ಸೂಜಿ ಮೀಟರ್ ಎರಡು, ಚಾನೆಲ್ಲಿಗೆ ನೂರು ವಾಟ್ ಎಂದರು. ಕರೆಂಟಿಗೆ ಬಲ್ಬನ್ನು ಸೀರೀಸ್ ಕೊಟ್ಟು ಹಾಕಿದೆ. ಬಲ್ಬು ಒಮ್ಮೆ ಉರಿದು ಮಂಕಾಯಿತು. ಒಳ್ಳೆಯದೇ, ಶಾರ್ಟ್ ಇದ್ದರೆ ಉರಿಯುತ್ತಲೇ ಇರುತ್ತದೆ. ಆಮೇಲೆ ಬಲ್ಬು ತೆಗೆದು, ವಾಲ್ಯೂಮ್ ಸೊನ್ನೆಗಿಟ್ಟು, ಬಿಸಿಯಾಗಲು ಬಿಟ್ಟು, ಸ್ಪೀಕರ್ ಕೊಡುವ ತುದಿಗಳಲ್ಲಿ ಡಿಸಿ (ಅಲ್ಲಿ ಇರಬಾರದ, ಒಂದೇ ದಿಕ್ಕಿನ ವೋಲ್ಟೇಜ್) ಅಳೆದೆ. ಎಡಕ್ಕೆ 14 ಮಿಲಿವೋಲ್ಟ್. ಬಲಕ್ಕೆ 380! ಐವತ್ತರ ಒಳಗಿದ್ದರೆ ನಿಶ್ಚಿಂತೆ. ಇಷ್ಟಿದ್ದರೆ ಸ್ಪೀಕರಿನ ಕಾಯಿಲ್ಲನ್ನು ಒಂದೇ ಬದಿಗೆ ಒತ್ತಿಹಿಡಿದು ಸುಮ್ಮನೆ ಕಾಯಿಸುತ್ತದೆ. ಮುಚ್ಚಳ ತೆಗೆದು ನೋಡಿದರೆ ಅದೇ ಬದಿಯ ಔಟ್‌ಪುಟ್ ಟ್ರಾನ್ಸಿಸ್ಟರುಗಳಿಗೆ (ಸ್ಪೀಕರಿಗೆ ಶಕ್ತಿ ಕೊಡುವವು) ಹೊಸ ಬೆಸುಗೆ, ಅಂದರೆ ಯಾರೋ ಬದಲಿಸಿದ ಹಾಗುಂಟು. ಈಗ ಪೇಟೆಯಲ್ಲಿ ಸಿಗುವುದರಲ್ಲಿ ನಕಲಿ ಯಾವುದು, ಅಸಲಿ ಯಾವುದು ಎಂದು ಹೇಳುವುದೇ ಕಷ್ಟ.

"ಪದ ಕೇಳ್ತದಲ್ಲ ಮಾರಾಯ್ರೆ, ಮತ್ತೆಂಥ ಮೀಟರು?" ಮನೆಯವರಿಗೆ ಸ್ವಲ್ಪ ಬೇಜಾರು.

"ಬೇರೆ ಉಂಟಾ ಇಚ್ಚ?"

ಏಣಿಮೆಟ್ಟಿಲಿನ ಅಡಿಯಿಂದ ಕಪ್ಪು ಪೆಟ್ಟಿಗೆಯೊಂದು ಬಂತು. ಮೀಟರಿಲ್ಲ, ಅಂದವಿಲ್ಲ, ಒಳಗೆ ಹಲ್ಲಿಮೊಟ್ಟೆ. ಬೆಸುಗೆ ಮಾತ್ರ ಕಾರ್ಖಾನೆಯದ್ದೇ. ಹಾಕಿದ ನಾಲ್ಕೈದು ಸೆಕೆಂಡಿಗೆ ಒಳಗೆ ರಿಲೇ (ಸ್ಪೀಕರನ್ನು ತಡವಾಗಿ ಜೋಡಿಸುವ ಸ್ವಿಚ್ಚು) ಟಕ್ ಎಂದಿತು (ಈ ಟಕ್‌ಗಾಗಿಯೇ ನಾನು ಹಳೆ ಆಂಪ್ ಕೊಳ್ಳುವುದು ಎಂದು ಹೆಂಡತಿಯ ಆರೋಪ). ಡಿಸಿ 9 ಮತ್ತು 16. ವಾಲ್ಯೂಮ್ ತಿರುಗಿಸಿದರೆ ಕರಕರ. ನಮ್ಮ ಉಪ್ಪುಗಾಳಿ, ಮಳೆಗಾಲದ ತೇವಕ್ಕೆ ಅದು ಇದ್ದದ್ದೇ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದರೆ ಹೋಗುತ್ತದೆ.

ಈ ಕಪ್ಪು ಪೆಟ್ಟಿಗೆಯದ್ದು ಚಾನೆಲ್ಲಿಗೆ 30 ವಾಟ್, ಅಷ್ಟು ಸಾಕಾ ಎಂದು ಗೆಳೆಯ ಕೇಳಿದ. ವಾಟ್ ಇಮ್ಮಡಿಯಾದರೆ ಏರುವ ಸದ್ದು ಬರೀ 3 ಡೆಸಿಬೆಲ್. ಮೂವತ್ತಕ್ಕೂ ನೂರಕ್ಕೂ ಅಂತರ ಐದು ಚಿಲ್ಲರೆ. ನಮ್ಮ ಚಾವಡಿಗೆ ಅಷ್ಟಕ್ಕೆ ಹೆಚ್ಚು ಕೊಡಬೇಕಾ?

ಮೂರೂವರೆ ಸಾವಿರಕ್ಕೆ ಮುಗಿಯಿತು. ಅದೇ ರಾತ್ರಿ ಚೆಂಡೆಯ ಮೊದಲ ಪೆಟ್ಟಿಗೆ ಬೆಕ್ಕು ಚಾವಡಿ ಬಿಟ್ಟು ಓಡಿತು. ಭಾಗವತರು ಉಸಿರೆಳೆಯುವ ನಡುವೆ ಸಣ್ಣಗೆ ಗುಂಯ್ ಅನ್ನುತ್ತದೆ. ಅದಕ್ಕೆ ಕರೆಂಟನ್ನು ಸಮ ಮಾಡುವ ದೊಡ್ಡ ಕೆಪಾಸಿಟರ್ ಎರಡನ್ನೂ ಬದಲಿಸಬೇಕು, ಮಳೆ ಬಿಡಲಿ.