ಹಸ್ತಪ್ರತಿ ಅಂದ್ರೆ ಯಾರ ಹಸ್ತ?

ಪುಣೆಯ ನಮ್ಮ ಕನ್ನಡ ವಾಟ್ಸಾಪ್ ಗುಂಪಿಗೆ ಮೊನ್ನೆ ಒಂದು ಫೋಟೋ ಬಂತು. ಕಂದುಬಣ್ಣದ ಓಲೆಗರಿ, ಇರುವೆ ಸಾಲಿನಂಥ ಅಕ್ಷರ, ಕೆಳಗೆ 'ಕುಮಾರವ್ಯಾಸನ ಸ್ವಂತ ಕೈಬರಹ, ಎಲ್ಲರಿಗೂ ಕಳಿಸಿ' ಅಂತ. ಸಾಲಾಗಿ ಕೈಮುಗಿದರು. ನಾನು ತಕರಾರು ತೆಗೆದೆ. ಒಬ್ಬರು ಕೇಳಿದರು: 'ಸರ್, ಹಸ್ತಪ್ರತಿ ಅಂದಮೇಲೆ ಕವಿಯ ಹಸ್ತವೇ ಅಲ್ವಾ?' ಗುಂಪಿನಲ್ಲಿ ಉದ್ದ ಬರೆದರೆ ಯಾರೂ ಓದಲ್ಲ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಇಂಗ್ಲಿಷಿನ ಮ್ಯಾನುಸ್ಕ್ರಿಪ್ಟ್ ಲ್ಯಾಟಿನ್‌ನಿಂದ ಬಂದ ಮಾತು. ಮನುಸ್ ಅಂದರೆ ಕೈ, ಸ್ಕ್ರೀಬೆರೆ ಅಂದರೆ ಬರೆಯುವುದು. ಇಂಗ್ಲಿಷಿನಲ್ಲಿ ಅದು ಬಳಕೆಗೆ ಬಂದದ್ದು 1600ರ ಆಸುಪಾಸಿನಲ್ಲಿ, ಅಂದರೆ ಗುಟೆನ್‌ಬರ್ಗ್ ಅಚ್ಚು ಹಾಕಿ ನೂರೈವತ್ತು ವರ್ಷಗಳ ಹತ್ತಿರ ಆದಮೇಲೆ. ಸಹಜವೇ. ಎಲ್ಲ ಪುಸ್ತಕವೂ ಕೈಯಲ್ಲೇ ಬರೆದದ್ದಾಗಿದ್ದಾಗ 'ಕೈಯಲ್ಲಿ ಬರೆದ ಪುಸ್ತಕ' ಅಂತ ಬೇರೆ ಹೆಸರು ಯಾಕೆ ಬೇಕು? ಅಚ್ಚಿನದು ಬಂದಮೇಲೇ ಕೈಯದನ್ನು ಬೇರೆ ಮಾಡಿ ಹೇಳಬೇಕಾಯಿತು. ಕನ್ನಡದ ಮೊದಲ ಅಚ್ಚಿನ ಪುಸ್ತಕ ಅಂತ ಸಾಮಾನ್ಯವಾಗಿ ಹೆಸರಿಸುವುದು ವಿಲಿಯಂ ಕೇರಿಯ ವ್ಯಾಕರಣವನ್ನು, 1817, ಸೆರಾಂಪುರ. ಅಲ್ಲಿಯವರೆಗೆ ಪಂಪನಿಂದ ಹಿಡಿದು ಎಲ್ಲರೂ ಓಲೆಯಲ್ಲೋ, ಬಟ್ಟೆಗೆ ಕಪ್ಪು ಬಳಿದು ಮಡಿಸಿದ ಕಡತದಲ್ಲೋ, ಕಾಗದದಲ್ಲೋ ಕೈಬರಹವಾಗಿಯೇ ಉಳಿದಿದ್ದರು.

ಈಗ ಪ್ರಕಾಶಕರು 'ಮ್ಯಾನುಸ್ಕ್ರಿಪ್ಟ್ ಕಳಿಸಿ' ಅಂದರೆ ಲೇಖಕ ತಾನೇ ಟೈಪ್ ಮಾಡಿದ ಫೈಲು. ಕೈಯೂ ಇಲ್ಲ, ಬರಹವೂ ಇಲ್ಲ, ಆದರೆ ಲೇಖಕನದ್ದೇ ಅನ್ನುವುದು ಮಾತ್ರ ಖಾತ್ರಿ. ಹಳೆಯದರಲ್ಲಿ ಇದು ಪೂರ್ತಿ ಉಲ್ಟಾ. ಕೈ ಉಂಟು, ಬರಹ ಉಂಟು, ಲೇಖಕನದ್ದೇ ಅನ್ನುವ ಖಾತ್ರಿ ಮಾತ್ರ ಇಲ್ಲ. ಹಸ್ತಪ್ರತಿಯಲ್ಲಿರುವ 'ಪ್ರತಿ'ಯನ್ನು ನಾವು ಕೇಳಿಸಿಕೊಳ್ಳುವುದೇ ಇಲ್ಲ. ಅದು ನಕಲು. ನಕಲಿನ ನಕಲು ಅಂದರೆ ಇನ್ನೂ ಸರಿ.

ಯಾಕೆ ಅಂದರೆ, ಓಲೆ ಹೆಚ್ಚು ಬಾಳುವುದಿಲ್ಲ. ತಾಳೆಯ ಗರಿ ಕತ್ತರಿಸಿ, ಕುದಿಸಿ, ಒಣಗಿಸಿ, ಉಜ್ಜಿ ನಯ ಮಾಡಿ, ತೂತು ಕೊರೆದು ದಾರ ಪೋಣಿಸಿ, ಆಚೀಚೆ ಮರದ ಹಲಗೆ ಇಟ್ಟು ಕಟ್ಟುತ್ತಿದ್ದರು. ಕಂಠ ಅಂದರೆ ಕಬ್ಬಿಣದ ಲೇಖನಿ. ಅದರಿಂದ ಕೊರೆದಾಗ ಅಕ್ಷರ ಸರಿಯಾಗಿ ಕಾಣುವುದಿಲ್ಲ, ಆಮೇಲೆ ಮಸಿ ಸವರಿ ಒರೆಸಿದರೆ ಗೀರಿನಲ್ಲಿ ಕಪ್ಪು ಉಳಿದು ಎದ್ದು ಕಾಣುತ್ತದೆ. ಇಷ್ಟೆಲ್ಲ ಮಾಡಿದರೂ ನಮ್ಮ ಮಳೆ, ಶೆಕೆ, ಹುಳು ಸೇರಿದರೆ ಕೆಲವು ನೂರು ವರ್ಷ ಉಳಿದರೆ ಪುಣ್ಯ. ಪುಸ್ತಕ ಉಳಿಯಬೇಕು ಅಂದರೆ ಇನ್ನೊಂದು ಪ್ರತಿ ಮಾಡಬೇಕು, ಅದು ಹಾಳಾಗುವ ಮುಂಚೆ ಮತ್ತೊಂದು. ಅತ್ತಿಮಬ್ಬೆ ಹತ್ತನೆಯ ಶತಮಾನದಲ್ಲಿ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದಳು ಅಂತ ಶಾಲೆಯಲ್ಲಿ ಓದಿದ್ದೇವೆ. ಅವಳ ಹೆಸರು ಗೊತ್ತು, ಪೊನ್ನನ ಹೆಸರು ಗೊತ್ತು. ಆ ಸಾವಿರವನ್ನು ಕೂತು ಕೊರೆದವರು ಯಾರು? ಒಂದು ಹೆಸರೂ ನಮ್ಮ ಬಾಯಲ್ಲಿಲ್ಲ.

ಲಿಪಿಕಾರರು ಸುಮ್ನೆ ಇದ್ದವರೇನೂ ಅಲ್ಲ. ಕೊನೆಯ ಗರಿಯಲ್ಲಿ ತಮ್ಮ ಮಾತು ಸೇರಿಸುತ್ತಿದ್ದರು. ದೇಶದ ತುಂಬ ಹಸ್ತಪ್ರತಿಗಳಲ್ಲಿ ಮತ್ತೆ ಮತ್ತೆ ಸಿಗುವ ಸಂಸ್ಕೃತ ಶ್ಲೋಕಗಳಿವೆ. ಒಂದರ ತಾತ್ಪರ್ಯ: ಕಂಡಂತೆ ಬರೆದಿದ್ದೇನೆ, ಸರಿಯೋ ತಪ್ಪೋ ನನ್ನನ್ನು ಬೈಯಬೇಡಿ. ಇನ್ನೊಂದು: ಬೆನ್ನು ಮುರಿದಿದೆ, ಸೊಂಟ ಮುರಿದಿದೆ, ಕತ್ತು ಮುರಿದಿದೆ, ಕಷ್ಟಪಟ್ಟು ಬರೆದದ್ದನ್ನು ಜೋಪಾನ ಮಾಡಿ. ಮೂರನೆಯದರಲ್ಲಿ ಪುಸ್ತಕವೇ ಮಾತಾಡುತ್ತದೆ: ಎಣ್ಣೆಯಿಂದ ಕಾಪಾಡಿ, ನೀರಿನಿಂದ ಕಾಪಾಡಿ, ಸಡಿಲ ಕಟ್ಟಿನಿಂದ ಕಾಪಾಡಿ, ಮೂರ್ಖರ ಕೈಗೆ ಮಾತ್ರ ಕೊಡಬೇಡಿ. ದಿನವಿಡೀ ಲ್ಯಾಪ್‌ಟಾಪ್ ಮುಂದೆ ಕೂರುವ ಹಿಂಜೆವಾಡಿಯ ಐಟಿ ಮಂದಿಗೆ ಎರಡನೆಯ ಶ್ಲೋಕ ವಿವರಿಸಬೇಕಾಗಿಲ್ಲ.

ನಕಲು ಮಾಡುವಾಗ ತಪ್ಪು ಬರದೇ ಇರುತ್ತದೆಯೇ? ಓಲೆಯಲ್ಲಿ ಪದದ ನಡುವೆ ಜಾಗ ಬಿಡುವ ರೂಢಿ ಇರಲಿಲ್ಲ. ಎ ಮತ್ತು ಏ, ಒ ಮತ್ತು ಓ ಇವುಗಳಿಗೆ ಹ್ರಸ್ವ ದೀರ್ಘದ ಗುರುತೂ ಇರಲಿಲ್ಲ. ಹಾಗಾಗಿ ನೀರಿನ ಕೆರೆಯೂ ಕೇರೆ ಹಾವೂ ಒಂದೇ ಥರ ಕಾಣುತ್ತವೆ. ಕೊಡು, ಕೋಡು ಅದೇ ಕತೆ. ಪದ್ಯವಾದರೆ ಮಾತ್ರೆ ಎಣಿಸಿ ಹಿಡಿಯಬಹುದು. ಗದ್ಯವಾದರೆ ಅರ್ಥವೇ ಗತಿ. ಓದುವಾಗ ಎಡವಿದ ಲಿಪಿಕಾರ ಬರೆಯುವಾಗಲೂ ಎಡವುತ್ತಾನೆ, ಜಾಣನಾದರೆ ಇನ್ನೂ ಕಷ್ಟ, 'ತಿದ್ದಿ' ಬರೆಯುತ್ತಾನೆ. ನನ್ನ ಕೇಳಿದರೆ ಮಕ್ಕಿಕಾಮಕ್ಕಿ ನಕಲು ಮಾಡುವ ದಡ್ಡನೇ ಮೇಲು.

ಇದನ್ನು ಬಿಡಿಸುವ ಕೆಲಸ ಎಷ್ಟು ದೊಡ್ಡದು ಅನ್ನುವುದಕ್ಕೆ ಸಾಕ್ಷಿ ಇದೇ ಊರಿನ ಲಾ ಕಾಲೇಜ್ ರಸ್ತೆಯಲ್ಲಿದೆ. 1917ರಲ್ಲಿ ಶುರುವಾದ ಭಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನಾ ಸಂಸ್ಥೆ 1919ರಲ್ಲಿ ಮಹಾಭಾರತವನ್ನು ಕೈಗೆತ್ತಿಕೊಂಡಿತು, ಪ್ರತಿಗಳನ್ನೆಲ್ಲ ಹೋಲಿಸಿ ಮೂಲಕ್ಕೆ ಹತ್ತಿರದ ಪಾಠ ಕಂಡುಹಿಡಿಯಲು. ಇಲ್ಲಿನವರು ಅದನ್ನು ಚಿಕಿತ್ಸಿತ ಆವೃತ್ತಿ ಅನ್ನುತ್ತಾರೆ, ಕಾಯಿಲೆ ಬಿದ್ದ ಪಾಠಕ್ಕೆ ಮದ್ದು ಕೊಟ್ಟ ಹಾಗೆ. ಶಾರದಾ, ಬಂಗಾಳಿ, ತೆಲುಗು, ಗ್ರಂಥ, ಮಲಯಾಳಂ ಹೀಗೆ ಬೇರೆ ಬೇರೆ ಲಿಪಿಯ 1,259 ಹಸ್ತಪ್ರತಿ ನೋಡಿದರು. ಒಂದು ಶ್ಲೋಕಕ್ಕೆ ಒಂದು ಹಾಳೆ, ಅದಕ್ಕೆ ಉದ್ದಡ್ಡ ಗೆರೆ, ಮೇಲೆ ರೂಢಿಯಲ್ಲಿದ್ದ ಪಾಠ, ಅದರ ಕೆಳಗೆ ಒಂದೊಂದು ಪ್ರತಿಯಲ್ಲಿ ಎಲ್ಲಿ ಏನು ಬೇರೆ ಇದೆ ಅಂತ ಅಕ್ಷರ ಅಕ್ಷರ ನೋಡಿ ತುಂಬುವುದು. ಮುಗಿದದ್ದು 1966ರಲ್ಲಿ. ಅದಕ್ಕೆ ಅಡಿಪಾಯ ಹಾಕಿದ ಪ್ರಧಾನ ಸಂಪಾದಕ ವಿ. ಎಸ್. ಸುಕ್ಥಣ್ಕರ್ 1943ರಲ್ಲೇ ತೀರಿಕೊಂಡಿದ್ದರು.

ಇದರಲ್ಲಿ ನನಗೆ ಬಹಳ ಇಷ್ಟವಾದ ಸಂಗತಿ ಒಂದಿದೆ. ವ್ಯಾಸರು ಹೇಳಿದರು, ಗಣಪತಿ ಬರೆದ, ಎಲ್ಲೂ ನಿಲ್ಲಿಸಬಾರದು ಅಂತ ಇವನ ಷರತ್ತು, ಅರ್ಥವಾಗದೆ ಬರೆಯಬಾರದು ಅಂತ ಅವರ ಷರತ್ತು. ಎಲ್ಲ ಮನೆಯಲ್ಲೂ ಮಕ್ಕಳಿಗೆ ಹೇಳುವ ಕತೆ. ಆದಿಪರ್ವದ ಪ್ರತಿಗಳನ್ನು ಹೋಲಿಸಿ ನೋಡಿದಾಗ ಅದು ಆಮೇಲೆ ಸೇರಿದ್ದು ಅಂತ ತೀರ್ಮಾನವಾಯಿತು, ಮೂಲಪಾಠದಿಂದ ತೆಗೆದು ಅನುಬಂಧಕ್ಕೆ ಹಾಕಿದರು. ಗಣೇಶೋತ್ಸವಕ್ಕೆ ಹತ್ತು ದಿನ ರಸ್ತೆ ಬಂದ್ ಮಾಡುವ ಪುಣೆಯಲ್ಲೇ ಗಣಪ್ಪನನ್ನು ಅನುಬಂಧಕ್ಕೆ ಕಳಿಸಿದರು ನೋಡಿ! ಧೈರ್ಯ ಬೇಕು. ಆದರೆ ಆ ಕತೆ ಸೇರಿಸಿದವನೂ ಒಬ್ಬ ಬರೆಯುವವನೇ ಇರಬೇಕು ಅಂತ ನನಗೆ ಗುಮಾನಿ. ಕವಿಗೆ ಸಮನಾಗಿ ಬರೆಯುವವನಿಗೂ ಒಂದು ಪೀಠ ಹಾಕಿಕೊಡುವ ಆಸೆ ಬೇರೆ ಯಾರಿಗೆ ಬರುತ್ತದೆ?

ಕುಮಾರವ್ಯಾಸನ ವಿಷಯಕ್ಕೆ ಬಂದರೆ, ತಾನು ಹಲಗೆ ಬಳಪ ಹಿಡಿಯುವುದಿಲ್ಲ, ಇಟ್ಟ ಪದ ಅಳಿಸುವುದಿಲ್ಲ, ಓಲೆಯ ಮೇಲೆ ಕಂಠದ ಸದ್ದು ನಿಲ್ಲುವುದಿಲ್ಲ ಅಂತ ಅವನೇ ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ. ಆ ಸದ್ದು ಮಾಡಿದ ಓಲೆ ಇದೇ ಅಂತ ತೋರಿಸಬೇಕಾದರೆ ವಾಟ್ಸಾಪಿನ ಎರಡು ಸಾಲು ಸಾಲದು.

ಕೈಯಲ್ಲಿ ಬರೆದದ್ದೆಲ್ಲ ಹಸ್ತಪ್ರತಿ ಅಂತಲೂ ಅಲ್ಲ. 2003ರಲ್ಲಿ ಶುರುವಾದ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನದ ಲೆಕ್ಕದಲ್ಲಿ ಅದಕ್ಕೆ ಕನಿಷ್ಠ 75 ವರ್ಷ ಆಗಿರಬೇಕು, ವಿದ್ಯೆಯ ದೃಷ್ಟಿಯಿಂದ ಬೆಲೆ ಇರಬೇಕು. ಕಂದಾಯದ ಕಾಗದ, ಫರ್ಮಾನು ಇವೆಲ್ಲ ದಾಖಲೆ, ಹಸ್ತಪ್ರತಿ ಅಲ್ಲ. ಅಂದರೆ ಪೇಶ್ವೆ ಕಾಲದ ಆಡಳಿತದ ಕಾಗದ ಇಟ್ಟಿರುವ ಪುಣೆಯ ಪೇಶ್ವೆ ದಫ್ತರದಲ್ಲಿ ರುಮಾಲಿನಲ್ಲಿ ಕಟ್ಟಿಟ್ಟ, ಮರಾಠಿಯ ಹಳೆಯ ಮೋಡಿ ಲಿಪಿಯ ಕಾಗದಗಳು ಪ್ರತಿಯೊಂದೂ ಕೈಬರಹವಾದರೂ ಈ ಲೆಕ್ಕಕ್ಕೆ ಬರುವುದಿಲ್ಲ. ಅದೇ ನಿಮ್ಮಜ್ಜಿ 1940ರ ದಶಕದಲ್ಲಿ ವಹಿಯಲ್ಲಿ ಬರೆದಿಟ್ಟ ಬೀಸುವ ಹಾಡು ಬಂದರೂ ಬರಬಹುದು.

ಊರಿನ ಮನೆಯಲ್ಲಿ ಅಂಥದ್ದೇನಾದರೂ ಇದ್ದರೆ ಸೆಲ್ಲೋಟೇಪ್ ಹಚ್ಚಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ. ಓಲೆಯಾದರೆ ಅರಿಶಿನ ಕುಂಕುಮ ಇಟ್ಟು ದೇವರಕೋಣೆಯಲ್ಲಿ ಮುಚ್ಚಿಡಲೂಬೇಡಿ. ಫ. ಗು. ಹಳಕಟ್ಟಿಯವರು ಬಿಜಾಪುರದ ಕಡೆ ಮನೆ ಮನೆ ತಿರುಗಿ ವಚನದ ಕಟ್ಟು ಹುಡುಕಿದಾಗ ಇದೇ ಪಾಡಾಗಿತ್ತು, ಪೂಜೆ ಇತ್ತು, ಓದು ಇರಲಿಲ್ಲ. ಒಣಗಿದ ಹತ್ತಿಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೋ ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೋ ತೋರಿಸಿ. ಅದಕ್ಕೂ ಮೊದಲು ಒಂದೊಂದು ಗರಿಯದ್ದೂ ಬಿಡಿಬಿಡಿಯಾಗಿ ಫೋಟೋ ತೆಗೆದಿಟ್ಟುಕೊಳ್ಳಿ. ಗ್ರಂಥ ಮುಗಿಯಿತು ಅಂತ ಕೊನೆಯ ಗರಿ ಬಿಟ್ಟುಬಿಡಬೇಡಿ, ಬರೆದವರ ಹೆಸರು, ಊರು, ತಿಥಿ ಇದ್ದರೆ ಇರುವುದು ಅದರಲ್ಲೇ.