ಭಂಗಾರಕ್ಕೆ ಹೋಗಬೇಕಿದ್ದ ಕಂಪ್ಯೂಟರ್‌ನಲ್ಲಿ ಡೆಬಿಯನ್ ಸರ್ವರ್

ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಮನೆಯ ಅಟ್ಟದ ಮೇಲೆ, 2009ರಲ್ಲಿ ಕೊಂಡ ಡೆಸ್ಕ್‌ಟಾಪ್ ಒಂದು ಆರು ವರ್ಷಗಳಿಂದ ಹಳೆಯ ಸೀರೆಯನ್ನು ಹೊದ್ದು ಕುಳಿತಿತ್ತು. ಪ್ರತಿ ದೀಪಾವಳಿಗೆ ಮನೆ ಗುಡಿಸಿ ಸಾರಿಸುವ ಹೊತ್ತಿನಲ್ಲಿ ಅದನ್ನು ಭಂಗಾರ್‌ವಾಲಾನಿಗೆ, ಅಂದರೆ ಗುಜರಿ ಕೊಳ್ಳುವವನಿಗೆ, ಕೊಟ್ಟುಬಿಡಿ ಎಂದು ನನ್ನಾಕೆ ಹೇಳುವುದೂ, ಬರುವ ವರ್ಷ ನೋಡೋಣ ಎಂದು ನಾನು ಜಾರಿಕೊಳ್ಳುವುದೂ ವಾಡಿಕೆಯಾಗಿತ್ತು. (ಊರಿನಿಂದ ಬಂದ ಹೊಸತರಲ್ಲಿ ಭಂಗಾರ್ ಎಂಬ ಅವನ ಕೂಗನ್ನು ಕೇಳಿ, ಈ ನಗರದಲ್ಲಿ ಬೀದಿ ಬೀದಿಗೂ ಬಂಗಾರ ಕೊಳ್ಳುವವರಿದ್ದಾರೆ ಎಂದು ಬೆರಗಾದವರಲ್ಲಿ ನಾನೂ ಒಬ್ಬ.) ಈ ಸಲ ಮಾತ್ರ ಅದಕ್ಕೊಂದು ಕೆಲಸ ಸಿಕ್ಕಿತು. ನಮ್ಮ ಕನ್ನಡ ಸಂಘದ ಹಳೆಯ ಸ್ಮರಣ ಸಂಚಿಕೆಗಳ ಸ್ಕ್ಯಾನ್ ಪ್ರತಿಗಳನ್ನೂ, ಕ್ಯಾಸೆಟ್‌ಗಳಿಂದ ಇಳಿಸಿಕೊಂಡ ತಾಳಮದ್ದಳೆಯ ಧ್ವನಿಮುದ್ರಣಗಳನ್ನೂ ಒಂದೆಡೆ ಇಟ್ಟು, ಮನೆಯ ಯಾವ ಕಂಪ್ಯೂಟರ್‌ನಿಂದಾದರೂ ತೆರೆಯುವಂತೆ ಮಾಡುವ ಸರ್ವರ್ ಒಂದು ಬೇಕಿತ್ತು.

ಒಳಗಿದ್ದದ್ದು 2.93 ಗಿಗಾಹರ್ಟ್ಸ್ ವೇಗದ ಇಂಟೆಲ್ ಕೋರ್ 2 ಡ್ಯುಯೊ ಇ7500, 2 ಜಿಬಿ ಡಿಡಿಆರ್2 ರ‍್ಯಾಮ್ ಮತ್ತು 320 ಜಿಬಿಯ ಹಾರ್ಡ್‌ಡಿಸ್ಕ್. ಗುಂಡಿ ಒತ್ತಿದಾಗ ಫ್ಯಾನ್ ತಿರುಗಿತೇ ಹೊರತು ಪರದೆಯ ಮೇಲೆ ಏನೂ ಮೂಡಲಿಲ್ಲ. ಇಲ್ಲಿನ ಮಳೆಗಾಲದ ತೇವಕ್ಕೆ ರ‍್ಯಾಮ್‌ನ ಹೊಂಬಣ್ಣದ ಅಂಚು ಮಂಕಾಗಿತ್ತು. ಮಗಳ ಪೆನ್ಸಿಲ್ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ ಮತ್ತೆ ಕೂರಿಸಿದ ಮೇಲೆ ಯಂತ್ರ ಎದ್ದಿತು. ಒಂದು ಶನಿವಾರ ಗ್ರ್ಯಾಂಟ್ ರೋಡ್‌ನಲ್ಲಿ ಇಳಿದು ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಗಳಲ್ಲಿ ವಿಚಾರಿಸಿ, ಬಳಸಿದ 2 ಜಿಬಿಯ ಇನ್ನೊಂದು ರ‍್ಯಾಮ್ ಕಡ್ಡಿಯನ್ನು ತಂದು ಒಟ್ಟು 4 ಜಿಬಿ ಮಾಡಿಕೊಂಡೆ. ಹಳೆಯ ರ‍್ಯಾಮನ್ನು ನಂಬಿ ಕಡತಗಳನ್ನು ಒಪ್ಪಿಸುವ ಧೈರ್ಯವಿಲ್ಲದ್ದರಿಂದ ಅದನ್ನು ಪರೀಕ್ಷಿಸುವ ಮೆಮ್‌ಟೆಸ್ಟ್86+ ತಂತ್ರಾಂಶವನ್ನು ಒಂದು ರಾತ್ರಿಯಿಡೀ ಓಡಿಸಿದೆ. ಹಾರ್ಡ್‌ಡಿಸ್ಕ್ ಮಾತ್ರ ಪರೀಕ್ಷೆಯಲ್ಲಿ ಸೋತಿತು: ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿಯಲ್ಲಿ, ಕೆಟ್ಟು ಬೇರೆಡೆಗೆ ವರ್ಗವಾದ ಸೆಕ್ಟರ್‌ಗಳ (ಡಿಸ್ಕಿನ ಸಣ್ಣ ತುಣುಕುಗಳ) ಸಂಖ್ಯೆ ಎರಡೇ ದಿನಗಳಲ್ಲಿ ಏರಿತ್ತು. ಅದನ್ನು ತೆಗೆದು, ವ್ಯವಸ್ಥೆಗೆಂದು ಒಂದು ಸಣ್ಣ ಎಸ್‌ಎಸ್‌ಡಿಯನ್ನೂ ಕಡತಗಳಿಗೆಂದು 2 ಟಿಬಿಯ ಹೊಸ ಡಿಸ್ಕನ್ನೂ ಹಾಕಿದೆ. ಒಟ್ಟು ಖರ್ಚಿನ ಬಹುಪಾಲು ಇದಕ್ಕೇ ಹೋಯಿತು.

ಯಂತ್ರವನ್ನು ನಡೆಸಲು ಉಚಿತ ಆಪರೇಟಿಂಗ್ ಸಿಸ್ಟಂ ಆದ ಲಿನಕ್ಸ್ ಸಾಕಿತ್ತು; ಅದರ ಹಲವು ಬಗೆಗಳಲ್ಲಿ ಯಾವುದು ಎಂಬ ಪ್ರಶ್ನೆಗೆ ನನ್ನ ಮೊದಲ ಉತ್ತರ ತಪ್ಪಾಗಿತ್ತು. ಕಚೇರಿಯಲ್ಲಿ ಬಹುಕಾಲ ಸೆಂಟ್‌ಓಎಸ್ 7 ಬಳಸಿದವನು ನಾನು. 2024ರ ಜೂನ್ 30ಕ್ಕೆ ಅದರ ಆಯುಸ್ಸು ಮುಗಿದ ಮೇಲೆ, ಅದೇ ರೆಡ್ ಹ್ಯಾಟ್ ಕಂಪನಿಯ ಲಿನಕ್ಸ್ ವಂಶದ ಆಲ್ಮಾಲಿನಕ್ಸ್ 9 ಕೈಗೆ ಹತ್ತಿರವೆನಿಸಿತು. ಪೆನ್‌ಡ್ರೈವ್ ಸಿದ್ಧಪಡಿಸಿ ಹಚ್ಚಿದರೆ, ಅದರ ತಿರುಳಾದ ಕರ್ನಲ್ ನಾಲ್ಕು ಸಾಲು ಬರೆದು ಅಲ್ಲೇ ನಿಂತಿತು. ಈ ವಂಶದ 9ನೆಯ ಆವೃತ್ತಿಗೆ ಎಕ್ಸ್86-64ರ (ಇಂಟೆಲ್ ಮಾದರಿಯ 64 ಬಿಟ್ ಚಿಪ್‌ಗಳ) ಎರಡನೆಯ ಮಟ್ಟದ ಪ್ರೊಸೆಸರ್ ಬೇಕು, ಅಂದರೆ ಎಸ್‌ಎಸ್‌ಇ4.2, ಪಾಪ್‌ಕೌಂಟ್ ಮೊದಲಾದ ಆದೇಶಗಳು ಚಿಪ್‌ನಲ್ಲೇ ಇರಬೇಕು. 2008ರ ನವೆಂಬರ್‌ನಲ್ಲಿ ಬಂದ ಮೊದಲ ಕೋರ್ ಐ7 ಚಿಪ್‌ಗಳಲ್ಲಿ ಅವು ಇದ್ದವು. ಅದರ ಮರುವರ್ಷ, ಬೆಲೆ ನೋಡಿ ನಾನು ಕೊಂಡ ಕೋರ್ 2 ಡ್ಯುಯೊದಲ್ಲಿ ಎಸ್‌ಎಸ್‌ಇ4.1ರವರೆಗೆ ಮಾತ್ರ ಇದೆ. ಇದೆಲ್ಲವೂ ಅವರ ದಾಖಲೆಗಳಲ್ಲಿ ಸ್ಪಷ್ಟವಾಗಿಯೇ ಇದ್ದು, ಓದದೆ ಹೋದದ್ದು ನನ್ನದೇ ತಪ್ಪು. ಹಳೆಯ ಯಂತ್ರವೆಂದೊಡನೆ ಎಲ್ಲರೂ ರ‍್ಯಾಮ್ ಎಷ್ಟಿದೆ ಎಂದು ಕೇಳುತ್ತಾರೆ, ಪ್ರೊಸೆಸರ್‌ಗೆ ಏನೇನು ಗೊತ್ತಿದೆ ಎಂದು ಕೇಳುವವರು ಕಡಿಮೆ. ಯಾವುದಾದರೂ ಲೈವ್ ಪೆನ್‌ಡ್ರೈವ್‌ನಿಂದ ಹಚ್ಚಿ ಎಲ್ಎಸ್‌ಸಿಪಿಯು ಎಂಬ ಆದೇಶ ಕೊಟ್ಟರೆ ಆ ಪಟ್ಟಿ ಅರೆಕ್ಷಣದಲ್ಲಿ ಕಾಣುತ್ತದೆ.

ಉಬುಂಟು ಸರ್ವರ್ 24.04 ಈ ಚಿಪ್‌ನಲ್ಲಿ ನಡೆಯುತ್ತದೆ, ಆದರೆ ಅದರೊಂದಿಗೆ ಬರುವ, ತಂತ್ರಾಂಶಗಳನ್ನು ಹಾಕಿಕೊಳ್ಳುವ ಸ್ನ್ಯಾಪ್ ಮುಂತಾದವುಗಳಿಂದ ನನಗೆ ಉಪಯೋಗವಿರಲಿಲ್ಲ. ಆಲ್ಪೈನ್ ಎಂಬ ಇನ್ನೊಂದು ಲಿನಕ್ಸ್ ಬಹಳ ಪುಟ್ಟದು ಮತ್ತು ಚೊಕ್ಕಟವಾದುದು. ಆದರೂ ನಾಳೆ ನಾನು ಊರಿನಲ್ಲಿದ್ದಾಗ ಏನಾದರೂ ಕೆಟ್ಟರೆ, ಫೋನಿನಲ್ಲಿ ಹೇಳಿಸಿಕೊಂಡು ಸರಿಪಡಿಸಬೇಕಾದ ತಮ್ಮನ ಮಗನಿಗೆ ಅದರ ಪರಿಚಯವಿಲ್ಲ. ಕೊನೆಗೆ ಉಳಿದದ್ದು ಡೆಬಿಯನ್. 2025ರ ಆಗಸ್ಟ್ 9ರಂದು ಬಿಡುಗಡೆಯಾದ 13ನೆಯ ಆವೃತ್ತಿ ಹಳೆಯ 64 ಬಿಟ್ ಚಿಪ್‌ಗಳನ್ನು ಈಗಲೂ ಒಪ್ಪಿಕೊಳ್ಳುತ್ತದೆ, ಮತ್ತು ದೀರ್ಘಾವಧಿ ಬೆಂಬಲವೂ ಸೇರಿದರೆ ಅದಕ್ಕೆ 2030ರವರೆಗೆ ಭದ್ರತಾ ತಿದ್ದುಪಡಿಗಳು ದೊರೆಯುತ್ತವೆ. ಯಂತ್ರ 32 ಬಿಟ್‌ನದಾಗಿದ್ದರೆ ಮಾತ್ರ ಈ ದಾರಿ ಮುಚ್ಚಿದಂತೆ. ಅಂಥವುಗಳಿಗೆ 13ರಲ್ಲಿ ಇನ್‌ಸ್ಟಾಲರೇ ಇಲ್ಲ.

ಅಳವಡಿಕೆಗೆ ಮುಕ್ಕಾಲು ಗಂಟೆ ಹಿಡಿಯಿತು. ಯಂತ್ರವನ್ನು ಎಬ್ಬಿಸುವ ಹಳೆಯ ಬಯೋಸ್ ತಂತ್ರಾಂಶವು ಪೆನ್‌ಡ್ರೈವನ್ನು ಹಾರ್ಡ್‌ಡಿಸ್ಕ್‌ಗಳ ಸಾಲಿನಲ್ಲಿ ಅಡಗಿಸಿಟ್ಟಿರುವುದು ತಿಳಿದರೆ ಮಿಕ್ಕದ್ದು ಸುಲಭ. ಡೆಬಿಯನ್‌ನ ಚಿತ್ರರೂಪದ ಇನ್‌ಸ್ಟಾಲರ್‌ನಲ್ಲಿ ಕನ್ನಡವೂ ಇದೆ, ಅಭಿಮಾನದಿಂದ ಅದನ್ನು ತೆರೆದೂ ನೋಡಿದೆ. ಆದರೆ ದೋಷದ ಸಂದೇಶ ಬಂದರೆ ಹುಡುಕಲು ಅನುಕೂಲವೆಂದು ಇಂಗ್ಲಿಷನ್ನೇ ಆರಿಸಿದೆ. ತಂತ್ರಾಂಶಗಳ ಆಯ್ಕೆಯ ಪುಟದಲ್ಲಿ ಡೆಸ್ಕ್‌ಟಾಪ್‌ನ ಗುರುತುಗಳನ್ನು ತೆಗೆದು ಬೇರೆ ಕಂಪ್ಯೂಟರ್‌ನಿಂದ ಒಳಬರಲು ಬೇಕಾದ ಎಸ್‌ಎಸ್‌ಎಚ್ ಸರ್ವರ್ ಮತ್ತು ಸಾಮಾನ್ಯ ಉಪಕರಣಗಳನ್ನು ಮಾತ್ರ ಉಳಿಸಿಕೊಂಡೆ. ಎಲ್ಲ ಅಧಿಕಾರವಿರುವ ರೂಟ್ ಖಾತೆಯ ಪಾಸ್‌ವರ್ಡನ್ನು ಖಾಲಿ ಬಿಟ್ಟರೆ ಮೊದಲ ಬಳಕೆದಾರನಿಗೆ ಸುಡೊ ಅಧಿಕಾರ, ಅಂದರೆ ರೂಟ್‌ನ ಪರವಾಗಿ ಕೆಲಸ ಮಾಡುವ ಅಧಿಕಾರ, ತಾನಾಗಿಯೇ ಸಿಗುತ್ತದೆ. ಆದರೆ ಅದರಲ್ಲೊಂದು ತೊಡಕು ಇದೆ: ಕಡತಗಳ ಡಿಸ್ಕ್ ಎಂದಾದರೂ ಕೈಕೊಟ್ಟರೆ ವ್ಯವಸ್ಥೆ ತುರ್ತು ಸ್ಥಿತಿಗೆ ಹೋಗಿ ರೂಟ್ ಪಾಸ್‌ವರ್ಡ್ ಬಯಸುತ್ತದೆ, ರೂಟ್ ಖಾತೆಗೆ ಬೀಗ ಬಿದ್ದಿರುವುದರಿಂದ ಒಳಹೊಗಲು ದಾರಿಯಿರುವುದಿಲ್ಲ. ಆದ್ದರಿಂದ ಡಿಸ್ಕ್‌ಗಳ ಪಟ್ಟಿಯಿರುವ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಆ ಡಿಸ್ಕಿನ ಸಾಲಿಗೆ, ಅದು ಸಿಗದಿದ್ದರೂ ಮುಂದುವರಿ ಎಂದು ಹೇಳುವ ನೊಫೇಲ್ ಎಂಬ ಪದವನ್ನು ಮರೆಯದೆ ಸೇರಿಸಿದೆ. ಮನೆಯ ಕಂಪ್ಯೂಟರ್‌ಗಳಿಗೆ ಕಡತಗಳ ಹಂಚಿಕೆಗೆ ಸಾಂಬಾ, ತಿದ್ದುಪಡಿಗಳು ತಾವಾಗಿಯೇ ಬರಲು ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್ ಎಂಬ ತಂತ್ರಾಂಶಗಳನ್ನು ಹಾಕಿದೆ. ಹೊರಗಿನ ಇಂಟರ್‌ನೆಟ್‌ಗೆ ಯಾವ ಬಾಗಿಲನ್ನೂ ತೆರೆದಿಲ್ಲ.

ಪರದೆ ಮತ್ತು ಕೀಬೋರ್ಡ್‌ಗಳನ್ನು ಬಿಡಿಸಿ, ಪೆಟ್ಟಿಗೆಯನ್ನು ಚಪ್ಪಲಿ ಕಪಾಟಿನ ಮೇಲೆ ಕೂರಿಸಿ, ಕೆಲಸ ಮುಗಿಯಿತೆಂದು ಬೀಗಿದ ನಾಲ್ಕನೆಯ ದಿನ ವಿದ್ಯುತ್ ಹೋಯಿತು. ಮರಳಿ ಬಂದಾಗ ತಾನಾಗಿ ಏಳುವಂತೆ ಬಯೋಸ್‌ನಲ್ಲಿ ಹೇಳಿಟ್ಟಿದ್ದೆನಾದರೂ ಸರ್ವರ್ ಏಳಲಿಲ್ಲ. ಗುಂಡಿ ಒತ್ತಿದರೆ ಫ್ಯಾನ್ ತಿರುಗುತ್ತದೆ, ನೆಟ್‌ವರ್ಕ್‌ನಲ್ಲಿ ಯಂತ್ರದ ಸುಳಿವಿಲ್ಲ. ಡೆಬಿಯನ್ ಅನ್ನೇ ಅನುಮಾನಿಸಿ, ಮರುದಿನ ಮತ್ತೆ ಅಳವಡಿಸುವ ನಿರ್ಧಾರಕ್ಕೂ ಬಂದಿದ್ದೆ. ಮಾನಿಟರ್ ಜೋಡಿಸಿದಾಗ ಕಂಡದ್ದು ಬೇರೆಯೇ: ಸಿಮಾಸ್ (ಬಯೋಸ್‌ನ ಆಯ್ಕೆಗಳನ್ನು ನೆನಪಿಡುವ ಚಿಪ್) ಚೆಕ್‌ಸಮ್ ದೋಷ, ಮುಂದುವರಿಯಲು ಎಫ್1 ಒತ್ತಿ ಎಂಬ ಸೂಚನೆ, ಮತ್ತು 2009ರ ಜನವರಿ 1 ಎಂಬ ದಿನಾಂಕ. ಮದರ್‌ಬೋರ್ಡಿನ ಗುಂಡು ಬ್ಯಾಟರಿ ಸತ್ತಿದ್ದರಿಂದ, ವಿದ್ಯುತ್ ಹೋದೊಡನೆ ಬಯೋಸ್ ತನ್ನ ನೆನಪನ್ನೆಲ್ಲ ಕಳೆದುಕೊಂಡು, ಇಲ್ಲದ ಕೀಬೋರ್ಡಿನ ಎಫ್1 ಕೀಲಿಗಾಗಿ ಕಾಯುತ್ತ ನಿಂತಿತ್ತು. ಕೆಳಗಿನ ಗಡಿಯಾರದ ಅಂಗಡಿಯಿಂದ ಸಿಆರ್2032 ಬ್ಯಾಟರಿ ತಂದು ಹಾಕಿ, ಕೀಬೋರ್ಡ್ ಇಲ್ಲದಿದ್ದರೂ ನಿಲ್ಲಬಾರದೆಂಬ ಆಯ್ಕೆಯನ್ನೂ ಬಯೋಸ್‌ನಲ್ಲಿ ಬದಲಿಸಿ, ಗೋಡೆಯ ಸ್ವಿಚ್ಚನ್ನೇ ಐದು ಬಾರಿ ಆರಿಸಿ ಹಚ್ಚಿ ನೋಡಿದೆ. ಐದೂ ಸಲ ಎದ್ದಿತು.

ವಿದ್ಯುತ್ ಬಳಕೆಯ ವಿಷಯದಲ್ಲಿ ಈ ಯಂತ್ರವನ್ನು ಹೊಗಳಲಾರೆ. ಪ್ಲಗ್‌ಗೆ ಹಚ್ಚುವ ಮೀಟರ್ 55 ವ್ಯಾಟ್ ತೋರಿಸಿತು. ದಿನವಿಡೀ ನಡೆದರೆ ತಿಂಗಳಿಗೆ 39 ಯೂನಿಟ್‌ಗೂ ಹೆಚ್ಚು. ರಾತ್ರಿ ಹನ್ನೊಂದಕ್ಕೆ ಮಲಗಿ ಬೆಳಿಗ್ಗೆ ಆರಕ್ಕೆ ಏಳುವಂತೆ ಮಾಡಿದ ಮೇಲೆ ಅದು 28ಕ್ಕೆ ಇಳಿದಿದೆ. ಬೆಳಗಿನ ಈ ಅಲಾರಾಂ ಕೂಡ ಅದೇ ಬ್ಯಾಟರಿಯ ಆಸರೆಯಲ್ಲಿದೆ.

ಈಗ ಉಳಿದಿರುವುದು ಕಡತಗಳ ಹೆಸರಿನ ಕೆಲಸ. ಲಿನಕ್ಸ್‌ನ ಬರಿಯ ಕನ್ಸೋಲ್‌ನಲ್ಲಿ ಕನ್ನಡ ಮೂಡುವುದಿಲ್ಲ, ಎಸ್‌ಎಸ್‌ಎಚ್ ಮೂಲಕ ಲ್ಯಾಪ್‌ಟಾಪ್‌ನಿಂದ ನೋಡಿದರೆ ಮೂಡುತ್ತದೆ; ಅದರಿಂದ ತೊಂದರೆಯಿಲ್ಲ. ತೊಂದರೆ ಉದ್ದದ್ದು. ಡಿಸ್ಕಿನಲ್ಲಿ ಕಡತಗಳನ್ನು ಜೋಡಿಸಿಡುವ ಇಎಕ್ಸ್‌ಟಿ4 ಪದ್ಧತಿಯಲ್ಲಿ ಒಂದು ಹೆಸರು 255 ಬೈಟ್ ಮೀರುವಂತಿಲ್ಲ, ಅಕ್ಷರಗಳನ್ನು ಬೈಟ್‌ಗಳಾಗಿಸುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು, ಒತ್ತಕ್ಷರ ಮತ್ತು ಗುಣಿತಗಳನ್ನು ಬೇರೆ ಬೇರೆಯಾಗಿ ಎಣಿಸಿ 85 ಸಂಕೇತಗಳಿಗೆ ಹೆಸರು ಮುಗಿಯಬೇಕು. ಪ್ರಸಂಗದ ಹೆಸರು, ಅರ್ಥಧಾರಿಗಳೆಲ್ಲರ ಹೆಸರು, ಸ್ಥಳ, ತಾರೀಖುಗಳನ್ನು ಒಂದೇ ಉಸಿರಿನಲ್ಲಿ ಬರೆದಿಟ್ಟಿದ್ದ ಹತ್ತೊಂಬತ್ತು ತಾಳಮದ್ದಳೆಗಳನ್ನು ಸರ್ವರ್ ಒಪ್ಪಿಲ್ಲ. ಅರ್ಥಧಾರಿಗಳ ಪೈಕಿ ಯಾರ ಹೆಸರನ್ನು ಬಿಡಬೇಕೆಂದು ನಾನು ತೀರ್ಮಾನಿಸುವುದು ಸರಿಯಲ್ಲವೆಂದು, ಆ ಪಟ್ಟಿಯನ್ನು ಸಂಘದ ಕಾರ್ಯದರ್ಶಿಗಳಿಗೆ ಕಳುಹಿಸಿದ್ದೇನೆ.