ಮಗುವಿನ ಮಾತು, ದೊಡ್ಡವರ ಮಾಡೆಲ್: ಧ್ವನಿನಾಳದ ಉದ್ದದ ಲೆಕ್ಕ

ಮಾತನ್ನು ಪಠ್ಯವಾಗಿಸುವ, ದೊಡ್ಡವರ ಮಾತಿನಲ್ಲಿ ಪಳಗಿದ ಮಾಡೆಲ್ ಮಗುವಿನ ಮಾತಿಗೆ ತಡವರಿಸಿದರೆ ಎಲ್ಲರೂ ದೂರುವುದು ಪಿಚ್ಚನ್ನು (ಧ್ವನಿತಂತುಗಳು ಕಂಪಿಸುವ ವೇಗವನ್ನು). ಅದಕ್ಕೂ ಮೊದಲು ನೋಡಬೇಕಾದ್ದು ಧ್ವನಿನಾಳದ ಉದ್ದವನ್ನು.

ಧ್ವನಿತಂತುಗಳಿಂದ ತುಟಿಯವರೆಗಿನ ನಾಳ ಒಂದು ತುದಿ ಮುಚ್ಚಿದ ಕೊಳವೆಯಂತೆ ವರ್ತಿಸುತ್ತದೆ. ಶಬ್ದದ ವೇಗವನ್ನು ಉದ್ದದ ನಾಲ್ಕು ಪಟ್ಟಿನಿಂದ ಭಾಗಿಸಿದರೆ ಮೊದಲ ಅನುರಣನ. ಮುಂದಿನವು ಅದರ 3, 5 ಪಟ್ಟು. ವೇಗ ಸೆಕೆಂಡಿಗೆ 350 ಮೀಟರ್ ಎಂದು ಹಿಡಿದರೆ, 17.5 ಸೆಂ.ಮೀ. ನಾಳದ ಗಂಡಸಿಗೆ 500, 1500, 2500 ಹರ್ಟ್ಜ್, 12.5 ಸೆಂ.ಮೀ. ನಾಳದ ಮಗುವಿಗೆ 700, 2100, 3500. ಸ್ವರ ಬದಲಾದಂತೆ ನಾಲಿಗೆ ಇವನ್ನು ಅತ್ತಿತ್ತ ಸರಿಸುತ್ತದೆ, ಆದರೆ 1.4ರ ಅನುಪಾತ ಹೆಚ್ಚುಕಡಿಮೆ ಉಳಿಯುತ್ತದೆ. ಫೋನಿನ ಹಳೆಯ ಆವರ್ತನ ಪಟ್ಟಿ 3400 ಹರ್ಟ್ಜ್‌ಗೇ ಮುಗಿಯುವುದರಿಂದ ಮಗುವಿನ ಮೂರನೆಯ ಫಾರ್ಮಂಟ್ (ನಾಳದ ಈ ಅನುರಣನಗಳ ಹೆಸರೇ ಫಾರ್ಮಂಟ್) ಹೊರಗುಳಿಯಬಹುದು. ಲಕಾರ ಳಕಾರಗಳನ್ನು ಬೇರ್ಪಡಿಸುವ ಮುಖ್ಯ ಸುಳಿವೊಂದು ಇರುವುದೇ ಅಲ್ಲಿ.

ಆಡಿಯೋವನ್ನೇ ನಿಧಾನಗೊಳಿಸುವುದು ಒರಟು ಉಪಾಯ: ಫಾರ್ಮಂಟ್ ಜೊತೆಗೆ ಪಿಚ್ಚೂ ಮಾತಿನ ಅವಧಿಯೂ ಬದಲಾಗುತ್ತವೆ. ಮೆಲ್ ಫಿಲ್ಟರುಗಳ (ಕಿವಿಯಂತೆ ಆವರ್ತನಗಳನ್ನು ಪಟ್ಟಿಗಳಾಗಿ ಹಂಚಿ ಮಾಡೆಲ್‌ಗೆ ಕೊಡುವ ಜರಡಿಗಳ) ಕೇಂದ್ರಗಳನ್ನು 1.4ರಿಂದ ಗುಣಿಸಿ ಸರಿಸುವುದು ಮೇಲು. ಆದರೆ 16 ಕಿಲೋಹರ್ಟ್ಜ್ ಸ್ಯಾಂಪ್ಲಿಂಗ್‌ನಲ್ಲಿ ದಾಖಲಾಗುವುದು ಅದರ ಅರ್ಧದವರೆಗೆ ಮಾತ್ರ, 8000ದ ಆಚೆ ಏನೂ ಇಲ್ಲ, ಗುಣಿಸಿದರೆ ಬೇಕಾಗುವುದು 11200. ಹಾಗಾಗಿ 4800ರವರೆಗೆ ಮಾತ್ರ ಗುಣಿಸಿ (ಅದು 6720ಕ್ಕೆ ಬರುತ್ತದೆ), ಅಲ್ಲಿಂದ ಮುಂದೆ 8000 ಎಂಬುದು 8000ದಲ್ಲೇ ಉಳಿಯುವಂತೆ ನೇರ ಗೆರೆ ಎಳೆಯಿರಿ. ಮೂಲ ರೆಕಾರ್ಡಿಂಗ್ 48 ಕಿಲೋಹರ್ಟ್ಜ್ ಆಗಿದ್ದರೆ ಈ ಪೇಚೇ ಇಲ್ಲ.

1.4 ಒಂದು ಉದಾಹರಣೆ; ಮಾತಾಡುವವರಿಗೆ ಹೊಂದುವ ಗುಣಕ ಹುಡುಕುವುದು ಹೀಗೆ: ಮೊದಲು ಗುಣಕ 1 ಇಟ್ಟು ಪಠ್ಯ ಪಡೆಯಿರಿ, ಅದೇ ಪಠ್ಯಕ್ಕೆ ಬೇರೆ ಬೇರೆ ಗುಣಕಗಳನ್ನು 0.02ರ ಹೆಜ್ಜೆಯಲ್ಲಿ ಒಡ್ಡಿ, ಯಾವುದಕ್ಕೆ ಮಾಡೆಲ್ ಕೊಡುವ ಸಂಭಾವ್ಯತೆ ಹೆಚ್ಚೋ ಅದನ್ನು ಆರಿಸಿ. ರೂಢಿಯ 0.88–1.12 ವ್ಯಾಪ್ತಿ ವಯಸ್ಕರಿಗೆ ಸಾಕು, ಮಕ್ಕಳಿಗೆ ಸಾಲದು; ಉತ್ತರ ಅಂಚಿಗೇ ಬಂದು ಕೂತರೆ ವ್ಯಾಪ್ತಿ ಹಿಗ್ಗಿಸಿ. ಮೌನದ ಫ್ರೇಮುಗಳನ್ನು (ಆಡಿಯೋದ ಚಿಕ್ಕ ತುಣುಕುಗಳನ್ನು) ಲೆಕ್ಕದಿಂದ ತೆಗೆಯಿರಿ, ಇಲ್ಲವಾದರೆ ಗದ್ದಲವೇ ಗುಣಕ ನಿರ್ಧರಿಸುತ್ತದೆ. ವಾಕ್ಯಕ್ಕೊಂದರಂತೆ ಅಲ್ಲ, ವ್ಯಕ್ತಿಗೊಂದು ಗುಣಕ ಇರಲಿ. ಮತ್ತೆ, 1ಕ್ಕಿಂತ ಹೆಚ್ಚೆಂದರೆ ಹಿಗ್ಗಿಸುವುದೋ ಕುಗ್ಗಿಸುವುದೋ ಎಂಬುದು ಟೂಲ್‌ಕಿಟ್ಟಿನಿಂದ ಟೂಲ್‌ಕಿಟ್ಟಿಗೆ ಬದಲಾಗುತ್ತದೆ. ಒಂದು ‘ಆ’ ಸ್ವರದ ಸ್ಪೆಕ್ಟ್ರಮ್ (ಯಾವ ಆವರ್ತನದಲ್ಲಿ ಎಷ್ಟು ಶಕ್ತಿ ಎಂಬ ಚಿತ್ರ) ನೋಡಿಯೇ ಮುಂದುವರಿಯಿರಿ.

ಇನ್ನು ಪಿಚ್. 300 ಹರ್ಟ್ಜ್ ಪಿಚ್ಚಿನ ಸ್ವರದಲ್ಲಿ ಶಕ್ತಿ ಇರುವುದು 300, 600, 900 ಹೀಗೆ ಅದರ ಗುಣಿತಗಳಲ್ಲಿ (ಹಾರ್ಮೋನಿಕ್‌ಗಳಲ್ಲಿ) ಮಾತ್ರ. 700ರಲ್ಲಿರುವ ಫಾರ್ಮಂಟನ್ನು ಲೀನಿಯರ್ ಪ್ರಿಡಿಕ್ಷನ್ (ಫಾರ್ಮಂಟ್ ಅಳೆಯುವ ರೂಢಿಯ ವಿಧಾನ) 600ರ ಕಡೆಗೆ ಎಳೆಯುತ್ತದೆ, ಕೆಳಗಿನ ಕಿರಿದಾದ ಮೆಲ್ ಫಿಲ್ಟರುಗಳು ಹಾರ್ಮೋನಿಕ್‌ಗಳ ನಡುವಿನ ಹಳ್ಳಕ್ಕೆ ಬೀಳುತ್ತವೆ. ಪರಿಹಾರ ಸೆಪ್ಸ್ಟ್ರಮ್‌ನಲ್ಲಿದೆ (ಸ್ಪೆಕ್ಟ್ರಮ್‌ನ ಲಾಗರಿದಮ್‌ಗೆ ಮತ್ತೆ ಫೂರಿಯೇ ರೂಪಾಂತರ ಮಾಡಿದಾಗ ಸಿಗುವುದು): ಈ ಪಿಚ್ಚಿನ ಶಿಖರ 3.3 ಮಿಲಿಸೆಕೆಂಡಿನಲ್ಲಿ ಏಳುತ್ತದೆ, 2.5ಕ್ಕೆ ಕತ್ತರಿಸಿ ಮರಳಿ ಸ್ಪೆಕ್ಟ್ರಮ್ ಮಾಡಿದರೆ ನಾಳದ ಆಕಾರವಷ್ಟೇ ಉಳಿಯುತ್ತದೆ. ಫಿಲ್ಟರುಗಳನ್ನು ಸರಿಸುವುದು ಇದಾದ ಮೇಲೆ.

ಒಂದೇ ಗುಣಕ ಎಲ್ಲ ಸ್ವರಗಳಿಗೂ ಪೂರ್ತಿ ಒಗ್ಗುವುದಿಲ್ಲ. ಮಗುವಿನ ಬಾಯಿಗೆ ಹೋಲಿಸಿದರೆ ಗಂಟಲಿನ ಭಾಗ ಇನ್ನೂ ಗಿಡ್ಡ, ಆದ್ದರಿಂದ ‘ಈ’ ಸ್ವರ ಸರಿಹೋದಾಗ ‘ಆ’ ಸ್ವರ ತುಸು ತಪ್ಪಬಹುದು. ನ್ಯೂರಲ್ ಮಾಡೆಲ್ಲಾದರೆ ತರಬೇತಿಯಲ್ಲೇ ವಯಸ್ಕರ ಸ್ಪೆಕ್ಟ್ರಮ್‌ಗಳನ್ನು 1ರಿಂದ 1.4ರವರೆಗೆ ಯಾದೃಚ್ಛಿಕವಾಗಿ ಹಿಗ್ಗಿಸಿ ಕೊಡಬಹುದು, ವಾಡಿಕೆಯ 0.9–1.1 ಇಲ್ಲೂ ಸಾಲದು.